ಪಾಳುಮಂಟಪದ ಪಟ

ತೊಂಬತ್ತೆರಡರಲ್ಲಿ ನಾನು ಶೀಳನೆರೆಯಿಂದ ಶ್ರೀರಂಗಪಟ್ಟಣದ ಮನೆಗೆ ಸೊಸೆಯಾಗಿ ಬಂದಾಗ, ಪಾತ್ರೆಪಡಗದ ಜೊತೆ ಅಪ್ಪ ಒಂದು ಪಟವನ್ನೂ ಕೊಟ್ಟಿದ್ದ. ಅಪ್ಪ ಡ್ರಾಯಿಂಗ್ ಮೇಷ್ಟ್ರು. ಹತ್ತೊಂಬತ್ತನೇ ಶತಮಾನದಲ್ಲಿ ಯಾರೋ ಯುರೋಪಿನವನು ಬರೆದ ಚಿತ್ರದ ಅಚ್ಚುಪ್ರತಿ ಅದು, ಗಾಜು ಕೂರಿಸಿ ಕಟ್ಟು ಹಾಕಿಸಿದ್ದು. ಹಳೇ ಕಾಲದ ಮಂಟಪ, ಮುರಿದ ಕಂಬಗಳು, ಕಮಾನಿನ ಸಂದಿಯಲ್ಲಿ ಬೆಳೆದ ಗಿಡ, ಹಿಂದೆ ಹಳದಿ ಸಂಜೆ, ಮೂಲೆಯಲ್ಲಿ ಕಡಲೆಕಾಳಿನಷ್ಟೇ ಕಾಣುವ ಒಬ್ಬ ದನಗಾಹಿ. ಪಾತ್ರೆಗಳೆಲ್ಲ ಅತ್ತೆಯ ಅಡುಗೆಮನೆ ಸೇರಿದವು. ನನ್ನದು ಅಂತ ಉಳಿದದ್ದು ಈ ಪಟ ಒಂದೇ.

ನಡುಮನೆಯಲ್ಲಿ ಗಂಡ ಮೊಳೆ ಹೊಡೆಯುತ್ತಿದ್ದಾಗ ಅತ್ತೆ ಬಂದರು.

"ಪಾಳುಬಿದ್ದಿರದ್ನ ಬಾಳೋ ಮನೇಲಿ ತೂಗಾಕ್ತಾರೇನವ್ವ? ತಗಿ ಅತ್ಲಾಗೆ."

ದಿನಾ ಬೆಳಿಗ್ಗೆ ಹಿತ್ತಿಲಾಚೆಯ ಪಾಳು ಕೋಟೆಗೋಡೆಗೆ ಬೆರಣಿ ತಟ್ಟುತ್ತಿದ್ದವರು ಇವರೇ. ಆ ಗೋಡೆಯಿಂದ ಮನೆಗೇನೂ ಕೇಡಿರಲಿಲ್ಲ, ಪಟದೊಳಗಿನ ಮಂಟಪದಿಂದ ಇತ್ತು. ಗಂಡ ಮೊಳೆಯನ್ನು ಅರ್ಧಕ್ಕೇ ಬಿಟ್ಟು ಸುತ್ತಿಗೆ ಹಿಡಿದು ಹೊರಗೆ ಹೋದರು. ಪಟ ಮಂಚದಡಿ ಸೇರಿತು.

ಮೊದಲ ಬಸಿರು ಮೂರು ತಿಂಗಳಿಗೇ ಹೋಯಿತು. ನಾನಿನ್ನೂ ಮೇಲೇಳದೆ ಮಲಗಿದ್ದೆ. ನೋಡಲು ಬಂದ ಹೆಂಗಸರಿಗೆ ಅತ್ತೆ, "ಪಾಳು ಪಟ ತಂದ್ಲು, ಒಟ್ಟೇನೂ ಪಾಳು ಮಾಡ್ಕೊಂಡ್ಲು" ಅಂದರು. ಅವತ್ತೇ ಪಟವನ್ನು ಹಿತ್ತಿಲಿನ ಕೊಟ್ಟಿಗೆಗೆ ಎಸೆದರು. ಸುದ್ದಿ ಕೇಳಿ ಬಂದ ಅಪ್ಪ, ಕಾಲು ತೊಳೆಯಲು ಹಿತ್ತಿಲಿಗೆ ಹೋದವನು ಅದನ್ನು ಕಂಡ. ಗಾಜಿಗೆ ಮೆತ್ತಿದ್ದ ಸಗಣಿಯನ್ನು ಹೆಗಲ ಟವೆಲಿನಿಂದ ಒರೆಸಿ, ಅಲ್ಲೇ ಒರಗಿಸಿ, ಒಳಗೆ ಬಂದು ಬಡಿಸಿದ್ದನ್ನು ಉಂಡ. ಹೊರಡುವಾಗ ನನಗೆ, "ಅತ್ತೆ ಜತೆ ಒಂದ್ಕೊಂಡು ಓಗವ್ವ" ಅಂದ. ಆ ವರ್ಷವೇ ಅಪ್ಪ ತೀರಿಕೊಂಡ. ನಾನು ಪಟವನ್ನು ಅಟ್ಟದ ಮೇಲೆ ರಾಗಿಚೀಲಗಳ ಹಿಂದೆ ಇಟ್ಟೆ. ಅತ್ತೆಯನ್ನು ಅವತ್ತಿನಿಂದ ದ್ವೇಷಿಸಿದೆ, ಈಗಲೂ ದ್ವೇಷಿಸುತ್ತೇನೆ.

ತೊಂಬತ್ತೆಂಟರಲ್ಲಿ ಅತ್ತೆ ಸತ್ತರು. ತಿಥಿಗೆ ಅವರ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕೆಂದು ಗಂಡ ಓಡಾಡುತ್ತಿದ್ದರು.

"ಕಟ್ಟು ಐತೆ. ಅದ್ರ ಅಳತೆಗೆ ಫೋಟೋ ಮಾಡಿಸ್ಕೊಂಡು ಬನ್ನಿ" ಅಂದೆ.

ಅಟ್ಟದಿಂದ ಪಟ ಇಳಿಸಿ, ಹಿಂದಿನ ಹಲಗೆ ಬಿಚ್ಚಿ, ಅಪ್ಪ ಕೊಟ್ಟ ಚಿತ್ರವನ್ನು ಇದ್ದಲ್ಲೇ ಬಿಟ್ಟು, ಅದರ ಮುಂದೆ ಅತ್ತೆಯನ್ನು ಕೂರಿಸಿ ಮತ್ತೆ ಮೊಳೆ ಹೊಡೆದೆ. ನಡುಮನೆಯಲ್ಲಿ ಅವತ್ತು ಅರ್ಧಕ್ಕೆ ಬಿಟ್ಟಿದ್ದ ಮೊಳೆಗೇ ಗಂಡ ಅದನ್ನು ತೂಗುಹಾಕಿದರು.

ಹಬ್ಬ ಬಂದರೆ ಮನೆಮಂದಿಯೆಲ್ಲ ಅದಕ್ಕೆ ಹೂ ಮುಡಿಸಿ ಅಡ್ಡಬೀಳುತ್ತಾರೆ. ಒಮ್ಮೆ ನಾನು ಗಾಜು ಒರೆಸುತ್ತಿದ್ದಾಗ ನಾದಿನಿ ಪಕ್ಕದಲ್ಲಿ ನಿಂತು, "ಅವ್ವನ ಪಟ ಅದೆಷ್ಟು ಚೆಂದಾಗಿ ಒರುಸ್ತೀಯ ಅತ್ಗೆ" ಅಂತ ಕಣ್ಣೀರು ತಂದುಕೊಂಡಳು.

ಹೂಂ ಅಂದೆ. ನಾನು ಒರೆಸುವುದು ಅಪ್ಪನ ಪಟವನ್ನು.