ಎಡಗೈಗೆ ಸಿಕ್ಕಿದ ಸಾಲುಗಳು

ನಮ್ಮ ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ಕರೆಯುವುದು ಮೊಳೆ ಅಕ್ಕ ಎಂದು. ಹದಿನೇಳನೆಯ ವಯಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವರು. ಮೊಳೆಗಳ ಕಾಲ ಮುಗಿದು ಕಂಪ್ಯೂಟರು ಬಂದಾಗ ಜೊತೆಯವರೆಲ್ಲ ಬೇರೆ ದಾರಿ ನೋಡಿಕೊಂಡರು. ಇವರು ಮಾತ್ರ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತರು. ಈಗ ಐವತ್ತಮೂರು ವರ್ಷ.

ನಾವು ಮಾಡುವುದು ಕಣ್ಣು ಕಾಣದ ಮಕ್ಕಳ ಪಠ್ಯಪುಸ್ತಕ. ಶಾಯಿ ಇಲ್ಲ, ದಪ್ಪ ಕಾಗದದ ಮೇಲೆ ಉಬ್ಬಿದ ಚುಕ್ಕಿಗಳು. ನಾನು ಬೈಂಡಿಂಗಿನವನು. ಗಾಜಿನ ಗೋಡೆಯ ಆಚೆ ಅಕ್ಕನ ಮೇಜು ನನಗೆ ನೇರ ಕಾಣುತ್ತದೆ. ಅಲ್ಲಿ ಒಂದು ಕಪ್ಪು ಪರದೆ, ಅದರಲ್ಲಿ ಮಿಟುಕುವ ಗೆರೆ, ಅಷ್ಟೇ. ಮೌಸಿಗೆ ಕೆಲಸವಿಲ್ಲ. ಈ ಪಾಠ ತಗೋ, ಚುಕ್ಕಿಲಿಪಿಗೆ ತಿರುಗಿಸು, ಇಪ್ಪತ್ತೈದು ಸಾಲಿಗೊಂದು ಪುಟ ಮಾಡು, ಒತ್ತುವ ಯಂತ್ರಕ್ಕೆ ಕಳಿಸು ಎಂದು ಒಂದೊಂದು ಆಜ್ಞೆಯನ್ನೂ ಅಕ್ಷರ ಅಕ್ಷರವಾಗಿ ಬರೆದು ಎಂಟರ್ ಒತ್ತಬೇಕು. ಒಂದೊಂದು ಆಜ್ಞೆ ಮಾರುದ್ದ.

ಹಿಂದೆ ಬರೆದ ಆಜ್ಞೆಗಳನ್ನು ಕಂಪ್ಯೂಟರು ನೆನಪಿಟ್ಟುಕೊಂಡಿರುತ್ತದೆ. ಬೇಕಾದ್ದನ್ನು ಹುಡುಕಿ ಮತ್ತೆ ಓಡಿಸಬಹುದು. ಅಕ್ಕನಿಗೆ ಅದು ಗೊತ್ತಿತ್ತು, ಆದರೆ ಮುಟ್ಟುತ್ತಿರಲಿಲ್ಲ. "ಅದು ಸೋಮಾರಿಗಳ ಕೀಲಿ. ನೀವು ಹುಡುಕೋದ್ರೊಳಗೆ ನಾನು ಹೊಸದಾಗಿ ಹೊಡೆದು ಮುಗಿಸಿರ್ತೀನಿ" ಅನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಅವರ ಹತ್ತು ಬೆರಳು ಒಟ್ಟಿಗೆ ಓಡಿದರೆ ತಗಡಿನ ಮೇಲೆ ಆಲಿಕಲ್ಲು ಸುರಿದ ಸದ್ದು.

ಶಾಲೆ ತೆರೆಯಲು ಹದಿನೆಂಟು ದಿನ ಇತ್ತು. ಮೂವತ್ತೊಂದು ಪುಸ್ತಕ ಬಾಕಿ. ಆಗ ಕಾಗದದ ಕಟ್ಟು ಇಳಿಸಲು ಸ್ಟೂಲು ಹತ್ತಿದ ಅಕ್ಕ ಬಲಗೈ ಮೇಲೆಯೇ ಬಿದ್ದರು. ಮಣಿಕಟ್ಟಿನ ಮೂಳೆ ಮುರಿದು, ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು ಬಂತು. ಆರು ವಾರ ಅಲುಗಿಸಬಾರದು ಎಂದರು ಡಾಕ್ಟರು.

ಮೂರನೆಯ ದಿನ ಅಕ್ಕ ಹೊರಟು ನಿಂತಾಗ ಮನೆಯಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತರಂತೆ. "ಒಂದು ಕೈಯಲ್ಲಿ ಚಪ್ಪಾಳೆ ಆಗತ್ತೇನೇ?"

"ಚಪ್ಪಾಳೆ ಆಗಲ್ಲ ಅತ್ತೆ, ಪುಸ್ತಕ ಆಗತ್ತೆ" ಎಂದು ಇವರು ಚಪ್ಪಲಿ ಮೆಟ್ಟಿದರಂತೆ.

ಪ್ರೆಸ್ಸಿನಲ್ಲಿ ಮ್ಯಾನೇಜರು ಆಗಲೇ ಶಾಲೆಗಳಿಗೆ ಪತ್ರ ಬರೆಯುತ್ತಿದ್ದರು: ಪುಸ್ತಕ ಒಂದು ತಿಂಗಳು ತಡ ಎಂದು.

"ಅದನ್ನ ನಾಳೆವರೆಗೆ ಇಟ್ಕೊಳ್ಳಿ ಸಾರ್."

"ನಾಳೆ ಕೈ ಕೂಡ್ಕೊಳತ್ತಾ ಅಕ್ಕ?"

"ಕೈ ಕೂಡಲ್ಲ. ಬುದ್ಧಿ ಕೂಡಬಹುದು."

ಮೊದಲ ಬೆಳಿಗ್ಗೆ ಅವರ ಎಡಗೈ ಕೀಲಿಮಣೆಯ ಮೇಲೆ ದಾರಿ ತಪ್ಪಿದ ಕೋಳಿಯಂತೆ ಕುಪ್ಪಳಿಸುವುದು ನನಗೆ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಪುಸ್ತಕದ ಅರ್ಧ. ಊಟ ಮುಗಿಸಿ ಬಂದವರು ಸ್ವಲ್ಪ ಹೊತ್ತು ಕೀಲಿಮಣೆಯನ್ನೇ ನೋಡುತ್ತ ಕೂತರು. ಆಮೇಲೆ ಕಿರುಬೆರಳು ಎಡಮೂಲೆಯ ಕಂಟ್ರೋಲ್ ಕೀಲಿಗೆ ಹೋಯಿತು, ತೋರುಬೆರಳು ಆರ್ ಅಕ್ಷರಕ್ಕೆ. ಸೋಮಾರಿಗಳ ಕೀಲಿ! ಎರಡೂ ಎಡಗೈಗೇ ಸಿಗುವಂಥವು. ಹಳೆಯ ಆಜ್ಞೆಯ ನಡುವಿನ ಮೂರು ಅಕ್ಷರ ಒತ್ತಿದರು. ಹೋದ ವರ್ಷದ ಮಾರುದ್ದದ ಸಾಲು ಇಡಿಯಾಗಿ ಬಂದು ನಿಂತಿತು. ಪುಸ್ತಕದ ಹೆಸರೊಂದನ್ನು ಬದಲಾಯಿಸಿ ಎಂಟರ್. ಪಕ್ಕದ ಕೋಣೆಯಲ್ಲಿ ಒತ್ತುವ ಯಂತ್ರ ಟಕಟಕ ಶುರು ಮಾಡಿತು.

ಗಾಜಿನ ಆಚೆಯಿಂದ ನನ್ನ ಕಡೆ ತಿರುಗಿ ಅಕ್ಕ ಕೂಗಿದರು, "ಹಿಂದೆ ನಾವು ಜೋಡಿಸಿದ ಮೊಳೆನ ಬಿಚ್ಚದೆ ದಾರ ಕಟ್ಟಿ ಇಡ್ತಿರಲಿಲ್ವಾ, ಮರುಮುದ್ರಣಕ್ಕೆ ಬೇಕಾಗತ್ತೆ ಅಂತ? ಅಷ್ಟೇ ಕಣೋ ಇದೂ! ಕಟ್ಟಿಟ್ಟಿದ್ದನ್ನ ಬಿಟ್ಟು ಒಂಬತ್ತು ವರ್ಷ ದಿನಾ ಹೊಸದಾಗಿ ಜೋಡಿಸ್ತಿದ್ದೆನಲ್ಲ, ನನಗೆ ಹೇಳೋರು ಯಾರೂ ಇರಲಿಲ್ವಾ?"

ಹೇಳಿದ್ದರೆ ಕೇಳುತ್ತಿದ್ದರೇ? ನಾನು ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನನಾದೆ.

ಮ್ಯಾನೇಜರ ಪತ್ರ ಮಡಚಿ ಕಪಾಟು ಸೇರಿತು. ಅಕ್ಕ ಇನ್ನೂ ಕೆಲವು ಏರ್ಪಾಟು ಮಾಡಿಕೊಂಡರು. ಕಂಪ್ಯೂಟರು ನೆನಪಿಡುತ್ತಿದ್ದದ್ದು ಐನೂರೇ ಸಾಲು; ಅದನ್ನು ಐವತ್ತು ಸಾವಿರಕ್ಕೆ ಏರಿಸಿದರು. ಮುಖ್ಯವಾದ ಆಜ್ಞೆಯ ಕೊನೆಗೆ ಒಂದು ಹ್ಯಾಶ್ ಗುರುತು ಹಾಕಿ ಅಡ್ಡಹೆಸರು ಬರೆದರು. ಆ ಗುರುತಿನ ನಂತರ ಬರೆದದ್ದನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹುಡುಕುವವರಿಗೆ ಮಾತ್ರ ಸಿಗುತ್ತದೆ. ಅಡ್ಡಹೆಸರುಗಳಲ್ಲೂ ಎಡಗೈಗೆ ಸಿಗುವ ಅಕ್ಷರಗಳೇ.

ಒಂಬತ್ತನೆಯ ದಿನ ವಿಜ್ಞಾನ ಪುಸ್ತಕದ ಸರದಿ. ಅಕ್ಕ ಹುಡುಕಿದರು, ಸಾಲು ಬಂತು. ಎಂಟರ್ ಕೀಲಿ ಇರುವುದು ಬಲಗಡೆ. ಎಡಗೈ ಅಲ್ಲಿಗೆ ನಡೆದುಹೋಗಬೇಕು. ಕೈ ದಾರಿಯಲ್ಲಿದ್ದಾಗ ಕಣ್ಣು ಸಾಲನ್ನು ಓದಿತು. ಅದು ವಿಜ್ಞಾನದ ಕಡತ ಕಳಿಸುವ ಆಜ್ಞೆಯಲ್ಲ. ಹೋದ ವರ್ಷ ಹಳೆಯ ಪ್ರತಿ ತೆಗೆಯಲು ಬರೆದ, ಆ ಕಡತಗಳನ್ನೆಲ್ಲ ಅಳಿಸುವ ಆಜ್ಞೆ. ಒತ್ತಿದ್ದರೆ ಎರಡು ತಿಂಗಳ ಕೆಲಸ ಗಾಳಿಗೆ.

ಅವರ ಕೈ ಗಾಳಿಯಲ್ಲೇ ನಿಂತದ್ದನ್ನು ನಾನು ನೋಡಿದೆ. ಮೆಲ್ಲಗೆ ಹಿಂದಕ್ಕೆ ಬಂದು ಕಂಟ್ರೋಲ್ ಮತ್ತು ಸಿ ಒತ್ತಿತು. ಸಾಲು ರದ್ದಾಯಿತು. ಅಕ್ಕ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರು, ಅಳಿಸುವ ಆಜ್ಞೆಗಳನ್ನೆಲ್ಲ ಹುಡುಕಿ ಯಂತ್ರದ ನೆನಪಿನಿಂದ ಕಿತ್ತುಹಾಕಿದರು. ಮುಂದೆ ಅಂಥದ್ದನ್ನು ಬರೆಯುವಾಗ ಮೊದಲು ಒಂದು ಖಾಲಿ ಜಾಗ ಬಿಟ್ಟರೆ ಯಂತ್ರ ನೆನಪಿಡದಂತೆ ಹೇಳಿಟ್ಟರು.

"ಕೈ ಚೆನ್ನಾಗಿದ್ದಿದ್ರೆ ಇವತ್ತು ಒತ್ತೇಬಿಡ್ತಿದ್ದೆ" ಎಂದರು ಚಹಾ ಹೊತ್ತಿನಲ್ಲಿ. ನಕ್ಕರು.

ಮೂವತ್ತೊಂದನೆಯ ಪುಸ್ತಕ ಶಾಲೆ ತೆರೆಯಲು ಎರಡು ದಿನ ಇರುವಾಗ ನನ್ನ ಮೇಜಿಗೆ ಬಂತು. ಹೊಲಿದು ಹೊಲಿದು ನನ್ನ ಬೆರಳು ಬಾತಿತ್ತು. "ಮುರಿದದ್ದು ನಿಮ್ಮ ಕೈ, ಸವೆದದ್ದು ನನ್ನ ಕೈ" ಎಂದೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. ನಮ್ಮ ಕರಡು ತಿದ್ದುವವರಿಗೆ ಕಣ್ಣಿಲ್ಲ. ಬೆರಳಲ್ಲಿ ಓದಿ ತಪ್ಪು ಹಿಡಿಯುತ್ತಾರೆ. ಒಂದು ಪುಟ ಮತ್ತೆ ಒತ್ತಬೇಕಾದರೂ ಅಕ್ಕನನ್ನೇ ಕಾಯಬೇಕಿತ್ತು. ಕರಡು ತಿದ್ದುವವರ ಕಂಪ್ಯೂಟರು ಪರದೆಯನ್ನು ಓದಿ ಹೇಳುತ್ತದೆ ನಿಜ, ಆದರೆ ಮಾರುದ್ದದ ಆಜ್ಞೆ ಬರೆಯುವುದೆಂದರೆ ಅವರಿಗೆ ತಲೆನೋವು. ಪ್ಲಾಸ್ಟರು ಬಿಚ್ಚಿದ ವಾರವೇ ಅಕ್ಕ ತಮ್ಮ ಸಾಲುಗಳನ್ನೆಲ್ಲ ಆ ಕಂಪ್ಯೂಟರಿಗೂ ನಕಲು ಮಾಡಿ, ಅವರ ಪಕ್ಕ ಕುರ್ಚಿ ಹಾಕಿಕೊಂಡರು.

"ಅಡ್ಡಹೆಸರು ಹೊಡೀರಿ. ಸಾಲು ಬರತ್ತೆ. ಪೂರ್ತಿ ಕೇಳಿಸ್ಕೊಳ್ಳಿ. ಕೇಳಿಸ್ಕೊಳ್ಳದೆ ಎಂಟರ್ ಒತ್ತಿದ್ರೆ ನಾನೇ ಬಂದು ಕೈ ಮುರೀತೀನಿ."

ಎರಡು ವಾರದಲ್ಲಿ ಅವರು ತಪ್ಪು ಹಿಡಿದ ಪುಟವನ್ನು ತಾವೇ ತಿದ್ದಿ ತಾವೇ ಒತ್ತಿಸತೊಡಗಿದರು. ಮುಂದಿನ ವರ್ಷ ಅಕ್ಕ ಮಗಳ ಬಾಣಂತನಕ್ಕೆಂದು ಒಂದು ತಿಂಗಳು ರಜೆ ಹಾಕಿದರು. ಹೊರಡುವ ದಿನ ಮ್ಯಾನೇಜರು ಬಾಗಿಲವರೆಗೂ ಬಂದರು. "ಅಕ್ಕ, ಏನಾದ್ರೂ ಆದ್ರೆ ಫೋನ್ ಮಾಡ್ಲಾ?"

ಮೇಜಿನಿಂದ ತಲೆ ಎತ್ತದೆ ಕರಡು ತಿದ್ದುವವರು ಹೇಳಿದರು, "ಮಗು ಹೆಣ್ಣೋ ಗಂಡೋ ಅಂತ ಕೇಳೋಕೆ ಮಾಡಿ ಸಾರ್. ಇಲ್ಲೀದು ನಾನು ನೋಡ್ಕೋತೀನಿ."