ತಪ್ಪು ಬಂಡೆಯತ್ತ ಎದ್ದ ಮುಳ್ಳು

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ, ಬೀರಪ್ಪ ಕಾಕಾ, ನಾನು ನಿಮ್ಮ ತಮ್ಮನಿಗೆ ಸುಳ್ಳು ಹೇಳಿದೆ. ನಿಮ್ಮ ಕೊರಳಲ್ಲಿದ್ದ ಬಿಲ್ಲೆಯಲ್ಲಿ ದೋಷವಿರಲಿಲ್ಲ — ನಿಮ್ಮಲ್ಲೂ ಇರಲಿಲ್ಲ. ದೋಷವಿದ್ದದ್ದು ನನ್ನ ಕೈಯಲ್ಲಿದ್ದ ಆಂಟೆನಾದಲ್ಲಿ. ಅದು ನನಗೆ ಗೊತ್ತಿತ್ತು.

ಎಂಬತ್ತರ ದಶಕ. ಬಾಗಲಕೋಟೆಯಲ್ಲಿ ನಾನು ಹೊಸ ಉಪನ್ಯಾಸಕ. ಕೊರಳಿಗೆ ರೇಡಿಯೋ ಬಿಲ್ಲೆ ಕಟ್ಟಿ, ಯಾವ ಕುರಿ ಎಲ್ಲಿದೆ ಎಂದು ದೂರದಿಂದಲೇ ತಿಳಿಯುವ ಹುಚ್ಚು ನನಗೆ. ಕುರಿ ಹೇಗೆ ಹೊರಳಿದರೂ ಸಂಕೇತ ಸಿಗಬೇಕಾದರೆ ಅಲೆ ತಿರುಪಿನಂತೆ ಸುತ್ತುತ್ತ ಸಾಗಬೇಕು. ಅದಕ್ಕೆ ಆಂಟೆನಾ ಆಗುವ ಅಂಗೈಯಗಲದ ಚೌಕ ತಾಮ್ರದ ತಗಡಿನ ಎದುರುಬದುರು ಎರಡು ಮೂಲೆಗಳನ್ನು ಕತ್ತರಿಸಬೇಕು. ಯಾವ ಎರಡು ಮೂಲೆ ಎಂಬುದರ ಮೇಲೆ ಬಲಸುತ್ತೋ ಎಡಸುತ್ತೋ. ಬಿಲ್ಲೆಗೂ ರಿಸೀವರಿಗೂ ಒಂದೇ ಸುತ್ತು ಇರಬೇಕು. ರಿಸೀವರಿನದನ್ನು ಮಾಡುವಾಗ ನಾನು ಟ್ರೇಸಿಂಗ್ ಹಾಳೆಯನ್ನು ಮಗುಚಿ ಇಟ್ಟಿದ್ದೆ; ಕತ್ತರಿಸಿದ್ದು ಬೇರೆ ಎರಡು ಮೂಲೆ, ಸುತ್ತು ಉಲ್ಟಾ. ಬಾದಾಮಿಗೆ ಹೊರಡುವ ಮುನ್ನಾದಿನ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಕಂಡಿತು. ಮರುದಿನ ಹಿರಿಯ ಪ್ರಾಧ್ಯಾಪಕರು ಪ್ರಯೋಗ ನೋಡಲು ಬರುವವರಿದ್ದರು. ಕೋಣೆಯಲ್ಲಿ ಮೀಟರಿನ ಮುಳ್ಳು ಏಳುತ್ತಿತ್ತಲ್ಲ — ಗೋಡೆಗೆ ಬಡಿದು ಬಂದ ಅಲೆಯಿಂದ ಎಂದು ತಿಳಿದೂ — ಸಾಕು ಅಂದುಕೊಂಡೆ.

ಬಾದಾಮಿಯ ಬಂಡೆಗಳ ನಡುವೆ ನಿಮ್ಮ ಟಗರು ಬಿಲ್ಲೆ ಕಟ್ಟಿಸಿಕೊಳ್ಳಲಿಲ್ಲ. ಇವತ್ತು ನೀವೇ ಹಾಕಿಕೊಳ್ಳಿ ಎಂದವನು ನಾನು. ನೀವು ನಕ್ಕಿರಿ. “ನಾನೂ ಟಗರಾದ್ನೇನ್ರಿ ಸರ? ಕೆರೂರ ಸಂತ್ಯಾಗ ಮಾರಿಬಿಟ್ಟೀರಿ ಮತ್ತ.”

ಸಂಜೆ ಕುರಿಗಳು ಬಂದವು. ನೀವು ಬರಲಿಲ್ಲ. ಆಂಟೆನಾ ತಿರುಗಿಸಿದೆ. ದಕ್ಷಿಣದ ಬಂಡೆಯತ್ತ ಮುಳ್ಳು ಅಲುಗಲಿಲ್ಲ, ಉತ್ತರದತ್ತ ಎದ್ದಿತು. ಬಂಡೆಗೆ ಬಡಿದ ಅಲೆ ತನ್ನ ಸುತ್ತು ಬದಲಿಸಿಕೊಂಡು ಮರಳುತ್ತದೆ — ನನ್ನ ಮಗುಚಿದ ಆಂಟೆನಾ ಹಿಡಿಯುವುದು ಅದನ್ನೇ. ಅಂದರೆ ನೀವು ಉತ್ತರದಲ್ಲಿಲ್ಲ, ನಮ್ಮ ಬೆನ್ನ ಹಿಂದೆಯೇ, ದಕ್ಷಿಣದಲ್ಲಿ — ಹೇಳಬೇಕಿತ್ತು. ಹೇಳಿದರೆ ಹಾಳೆ ಮಗುಚಿದ್ದನ್ನೂ, ಮುಚ್ಚಿಟ್ಟದ್ದನ್ನೂ ಹೇಳಬೇಕಾಗುತ್ತಿತ್ತು.

ನಿಮ್ಮ ತಮ್ಮ ಸಿದ್ದಪ್ಪ ನನ್ನ ರಟ್ಟೆ ಹಿಡಿದ. “ಖರೆ ಹೇಳ್ರಿ ಸರ. ನಮ್ಮಣ್ಣ ಆ ಕಡೇನ ಅದಾನೇನು?”

ಪ್ರಾಧ್ಯಾಪಕರು ನನ್ನ ಮುಖ ನೋಡುತ್ತಿದ್ದರು. “ಹೌದು. ಆ ಕಡೇನ,” ಅಂದೆ.

ಕತ್ತಲಾಗುವವರೆಗೂ ಎಲ್ಲರೂ ಉತ್ತರದ ಬಂಡೆ ಹತ್ತಿ ನಿಮ್ಮ ಹೆಸರು ಕೂಗಿದರು. ನಾನೂ ಕೂಗಿದೆ, ನೀವು ಅಲ್ಲಿಲ್ಲವೆಂದು ತಿಳಿದೂ. ಮರುದಿನ ಬೆಳಿಗ್ಗೆ ದಕ್ಷಿಣದ ಬಂಡೆಯ ಸೀಳಿನಲ್ಲಿ ಸಿಕ್ಕಿರಿ. ಕಾಲು ಕಲ್ಲಿನಡಿ ಜಜ್ಜಿಹೋಗಿತ್ತು. ಸಂಜೆಯೇ ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದರು. ನಾನು ಯಾರಿಗೂ ಹೇಳಲಿಲ್ಲ.

ವರದಿಯಲ್ಲಿ ಬರೆದೆ: ಕುರಿಗಾಹಿ ಬಿಲ್ಲೆಯನ್ನು ಕಂಬಳಿಯೊಳಗೆ ಮುಚ್ಚಿಕೊಂಡದ್ದರಿಂದ ದಿಕ್ಕು ತಪ್ಪಿತು. ಆ ಮಾತು ನಿಮ್ಮೂರು ಬೇವೂರಿಗೂ ತಲುಪಿತು. ಕೊರಳಾಗಿನ ಬಿಲ್ಲಿ ಕಾಯಾಕ ಬರಲಿಲ್ಲ, ಇವ ಕುರಿ ಕಾಯ್ತಾನಂತ — ಕಟ್ಟೆಯ ಮೇಲೆ ಜನ ಹೀಗೆ ಆಡಿಕೊಂಡರಂತೆ. ನೀವು ಕುರಿಗಳನ್ನೆಲ್ಲ ಮಾರಿಬಿಟ್ಟಿರಿ. ಈ ಕಾಗದವನ್ನು ಅದೇ ಕಟ್ಟೆಯ ಮೇಲೆ, ಎಲ್ಲರಿಗೂ ಕೇಳುವಂತೆ ನಾನೇ ನಿಂತು ಓದುತ್ತೇನೆ.

ಇನ್ನೊಂದು ಉಳಿದಿದೆ. ಯಾರಾದರೂ ಆ ಎರಡು ತಾಮ್ರಗಳನ್ನು ಜೋಡಿಸಿ ನೋಡಿಬಿಟ್ಟರೆ ಎಂಬ ಹೆದರಿಕೆಯಲ್ಲಿ ಹನ್ನೊಂದು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಹನ್ನೆರಡನೆಯ ದಿನ ದವಾಖಾನೆಯಲ್ಲಿ ನೀವು ನನ್ನ ಕೈ ಹಿಡಿದಿರಿ. “ತಪ್ಪ ನಂದರಿ ಸರ. ನಾನ ಕಂಬಳ್ಯಾಗ ಮುಚ್ಚಿರಬೇಕು. ನೀವ್ಯಾಕ ಸೊರಗ್ತೀರಿ?”

ನಾನು ಅಲ್ಲವೆನ್ನಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬಂತು, ಕಾಕಾ. ಬೆಳಗಾಗುವವರೆಗೂ ಒಮ್ಮೆಯೂ ಎಚ್ಚರವಾಗಲಿಲ್ಲ.