ದೊಡ್ಡವ್ವನ ಕಂಬ

ಮೊನ್ನೆ ಸೊಸೆ ಹರಳೆಣ್ಣೆ ಬಾಟಲಿಯ ಮುಚ್ಚಳ ತೆಗೆದಾಗ ಆ ಕಮಟು ವಾಸನೆ ಮೂಗಿಗೆ ಬಡಿದು, ಮಿರ್ಲೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ಕಣ್ಣ ಮುಂದೆ ಬಂದು ನಿಂತಳು. ಐವತ್ತರ ದಶಕದ ಮಾತು. ನನಗಾಗ ಏಳು ವರ್ಷ, ಶಾಲೆಗಿನ್ನೂ ಹಾಕಿರಲಿಲ್ಲ.

ಅವ್ವ ನಾಟಿಗೆ ಹೋಗುವಾಗ ನನ್ನನ್ನು ದೊಡ್ಡವ್ವನ ಜಗಲಿಯಲ್ಲಿ ಬಿಟ್ಟು ಹೋಗುತ್ತಿದ್ದಳು. ದೊಡ್ಡವ್ವನಿಗೆ ಇದ್ದೊಬ್ಬ ಮಗಳು ನಾಲೆಯ ಪಾಲಾಗಿದ್ದಳು. ಅದಕ್ಕೇ ಇರಬೇಕು, ನನ್ನ ಮೇಲೆ ಅಷ್ಟೊಂದು ಕಾವಲು. ಕಾಯಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಬೂದಿ ಹಚ್ಚಿ ಕೈ ತಿಕ್ಕದೆ ಮುದ್ದೆ ಮುಟ್ಟುವ ಹಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಮೂಗು ಹಿಡಿದು ಹರಳೆಣ್ಣೆ. ಇದನ್ನೆಲ್ಲ ಹೇಗೋ ಸಹಿಸಿದೆ. ಸಹಿಸಲಾಗದ್ದು ಆ ಕಂಬ. ಹಳೇ ಸೀರೆಯ ಪಟ್ಟಿಯನ್ನು ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಜಗಲಿ ಕಂಬಕ್ಕೆ ಕಟ್ಟಿ ಒಳಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಂಬೆಗಾಲಿಡುವ ಕೂಸುಗಳನ್ನು ಹಾಗೆ ಕಟ್ಟುವುದು ಊರಲ್ಲಿ ವಾಡಿಕೆ. ಏಳು ವರ್ಷದವಳನ್ನು ಯಾರಾದರೂ ಕಟ್ಟುತ್ತಾರೆಯೇ? "ನೋಡಮ್ಮಿ, ಕರಾನ ಕಟ್ಟಾಕವ್ರೆ" ಎಂದು ಬೀದಿಯ ಹುಡುಗಿಯರು ನನ್ನನ್ನು ಕರು ಮಾಡಿ ನಗುತ್ತಿದ್ದರು. ಪಟ್ಟಿ ಮೆಟ್ಟಿಲವರೆಗೆ ಬರುತ್ತಿತ್ತು, ಬೀದಿಗೆ ಬರುತ್ತಿರಲಿಲ್ಲ. ಎಷ್ಟು ಮಧ್ಯಾಹ್ನಗಳನ್ನು ಆ ಮೆಟ್ಟಿಲ ಮೇಲೆ ಕಳೆದೆನೋ... ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಹಲ್ಲಿನಿಂದ ಗಂಟು ಬಿಚ್ಚಿ, ನಾಲೆ ಏರಿಯ ಪಕ್ಕದ ಹುಲ್ಲುಮೆದೆ ಹತ್ತಿ ಅಡಗಿ ಕೂತೆ. ಹುಡುಕಲಿ, ಚೆನ್ನಾಗಿ ಸತಾಯಿಸೋಣ ಅಂತ. ಅವಳು ಓಡಿ ಬಂದಳು. ಅತ್ತಿತ್ತ ನೋಡಲೇ ಇಲ್ಲ, ನೆಟ್ಟಗೆ ನಾಲೆಗೇ ಇಳಿದಳು. ಈಜು ಬಾರದ ಹೆಂಗಸು. ಎದೆಮಟ್ಟದ ನೀರಿನಲ್ಲಿ ಬಗ್ಗಿ ಬಗ್ಗಿ ಎರಡೂ ಕೈಯಿಂದ ತಡಕಾಡುತ್ತಿದ್ದಳು. ಕೂಗಬೇಕು ಅನ್ನಿಸಿತು. ಬೈಸಿಕೊಳ್ಳುವ ಭಯಕ್ಕೆ ಬಾಯಿ ಬರಲಿಲ್ಲ. ಕೊನೆಗೆ ಗದ್ದೆಯವರು ಅವಳನ್ನು ಎಳೆದು ದಡಕ್ಕೆ ತಂದರು. ನಾನು ಇಳಿದು ಹೋಗಿ ಎದುರು ನಿಂತೆ.

"ಇಲ್ಲೇ ಇದ್ಯಾ ಮಗಾ? ನೀರಲ್ಲಿ ತಡಕ್ತಿದ್ನಲ್ಲವ್ವಾ ನಿನ್ನ..." ಅಂದಳು. ಹೊಡೆಯಲಿಲ್ಲ.

ಮಾರನೇ ದಿನ ನಾನೇ ಹೋಗಿ ಕಂಬದ ಹತ್ತಿರ ನಿಂತೆ. "ಕಟ್ಟು ದೊಡ್ಡವ್ವಾ."

"ಬ್ಯಾಡ ಬುಡು ಕಣವ್ವ. ಕಟ್ಟುದ್ರೂ ಓಯ್ತೀಯೆ."

ಅಷ್ಟಂದು ಒಳಗೆ ಹೋದಳು. ಆಮೇಲೆ ನನ್ನನ್ನು ಕಟ್ಟಲಿಲ್ಲ, ಕೈ ತೊಳೆದೆಯಾ ಎಂದು ಕೇಳಲೂ ಇಲ್ಲ. ಬೀದಿಗೆ ಹೋಗಲು ತಡೆಯೇ ಇರಲಿಲ್ಲ. ಆದರೂ ನಾನು ಆ ಮೆಟ್ಟಿಲು ಬಿಟ್ಟು ಇಳಿಯಲಿಲ್ಲ.

ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು. ಮೆದೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದೆ ಎಂದು ಅವಳಿಗೆ ಕಡೆಯವರೆಗೂ ಹೇಳಲಿಲ್ಲ. ಈಗ ಮೊಮ್ಮಗಳು ಈಜು ಕಲಿಯಲು ಹೋಗುತ್ತಾಳೆ. ಬೇಡ ಅನ್ನಲು ಮನಸ್ಸಾಗದೆ ಜೊತೆಗೆ ಹೋಗಿ ಕೊಳದ ಕಟ್ಟೆಯ ಮೇಲೆ ಕೂರುತ್ತೇನೆ. ಮುಳುಗಿದವಳ ತಲೆ ಮೇಲೆ ಬರುವುದು ಚೂರು ತಡವಾದರೂ ಎದ್ದು ನಿಲ್ಲುತ್ತೇನೆ. ಕೂಗಲು ಹೋದರೆ ಈಗಲೂ ದನಿ ಹೊರಡುವುದಿಲ್ಲ.